ಆಯಿಲ್ ಲೈಟು ಆರಲು ಏಳು ಸೆಕೆಂಡು: ಹಳೆಯ ಡೀಸೆಲ್ ಕಾರಿನಲ್ಲಿ ಒತ್ತಡ ತಡವಾಗಿ ಏರುವುದರ ಪತ್ತೆ

ಬೆಳಿಗ್ಗೆ ಕೀ ತಿರುಗಿಸಿದೆ, ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆಯಿಲ್‌ನ ಒತ್ತಡ ತೋರಿಸುವ ಕೆಂಪು ಲೈಟು ಮಾತ್ರ ಆರಲಿಲ್ಲ. ಒಂದು, ಎರಡು, ಮೂರು... ಮೇಲೆ ವಾಲ್ವ್ ತೆರೆಯುವ ಟ್ಯಾಪೆಟ್ಟುಗಳು ಹೊಲಿಗೆ ಮೆಷಿನ್ನಿನ ಹಾಗೆ ಟಕಟಕ ಅನ್ನುತ್ತಿದ್ದವು. ಏಳು ಎಣಿಸುವಷ್ಟರಲ್ಲಿ ಲೈಟು ಆರಿತು, ಅದರ ಹಿಂದೆಯೇ ಸದ್ದೂ ಅಡಗಿತು. ಆಮೇಲೆ ಇಡೀ ದಿನ ಓಡಿಸಿದರೂ ಒಂದು ತಕರಾರಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಏಳು.

ಕಾರು 1990ರ ದಶಕದ್ದು. ನಾಲ್ಕು ಸಿಲಿಂಡರಿನ ಡೀಸೆಲ್, ಮೆಕ್ಯಾನಿಕಲ್ ಇಂಜೆಕ್ಷನ್ ಪಂಪು, ಟರ್ಬೊ ಇಲ್ಲ. ಮೊದಲು ತೋರಿಸಿದ ಕಡೆ ಐದು ನಿಮಿಷಕ್ಕೆ ತೀರ್ಪು ಬಂತು: "ಬೇರಿಂಗ್ ಹೋಗಿದೆ ಸಾರ್, ಇಂಜಿನ್ ಇಳಿಸಬೇಕು." ಎರಡನೆಯವರು ಆಯಿಲ್ ಪಂಪು ಬದಲಿಸಿ ಅಂದರು. ಮೂರನೆಯವರು ದಪ್ಪ ಆಯಿಲ್ ಹಾಕಿ ಕಳಿಸುತ್ತೇನೆ ಅಂದರು. ಮೂವರಲ್ಲಿ ಒಬ್ಬರೂ ಒತ್ತಡ ಅಳೆಯುವ ಗೇಜ್ ಕಟ್ಟಿ ನೋಡಲಿಲ್ಲ. ಸ್ಟಾರ್ಟ್ ಮಾಡುವ ಮೊದಲು ಗಾಡಿ ಎಷ್ಟು ಹೊತ್ತು ನಿಂತಿತ್ತು ಅಂತಲೂ ಕೇಳಲಿಲ್ಲ.

ಆ ಪ್ರಶ್ನೆ ನನಗೆ ಹೊಳೆದದ್ದು ನಾನು ಕಾರಿನ ಮೆಕ್ಯಾನಿಕ್ ಆಗಿರುವುದರಿಂದಲ್ಲ. ನಾನು ನೀರೆತ್ತುವ ಪಂಪುಗಳ ರಿಪೇರಿಯಲ್ಲಿ ಇಪ್ಪತ್ತೆಂಟು ವರ್ಷ ಕಳೆದವನು. ಬಾವಿಯ ಪಂಪಿನಲ್ಲಿ ಫುಟ್ ವಾಲ್ವ್ (ಪೈಪಿನ ತಳದಲ್ಲಿದ್ದು ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್) ಸೋರುತ್ತಿದ್ದರೆ ಲಕ್ಷಣ ಸ್ಪಷ್ಟ. ಹತ್ತು ನಿಮಿಷ ನಿಲ್ಲಿಸಿ ಮತ್ತೆ ಹಾಕಿದರೆ ನೀರು ಬರುತ್ತದೆ. ರಾತ್ರಿಯೆಲ್ಲ ನಿಂತಿದ್ದರೆ ಪೈಪು ಖಾಲಿಯಾಗಿ ಪಂಪು ಬರಿದೇ ಸುತ್ತುತ್ತದೆ. ಪಂಪೇ ಸವೆದಿದ್ದರೆ ಕಥೆ ಬೇರೆ: ಯಾವಾಗ ಹಾಕಿದರೂ ನೀರು ಕಡಿಮೆ. ಇದನ್ನು ವಿಚಾರಿಸಿಕೊಳ್ಳದೆ ನಮ್ಮ ಕೆಲಸದಲ್ಲಿ ಯಾರೂ ಪೈಪು ಮೇಲೆತ್ತುವುದಿಲ್ಲ. ಇಂಜಿನ್ನಿನ ಆಯಿಲ್ ಪಂಪು ಗೇರ್ ಪಂಪು, ನೀರಿನ ಸೆಂಟ್ರಿಫ್ಯೂಗಲ್ ಪಂಪಿನಷ್ಟು ಪ್ರೈಮಿಂಗ್ (ಮೊದಲೇ ತುಂಬಿಸಿಡುವುದು) ಬೇಡುವುದಿಲ್ಲ, ಒಣಗಿದ್ದರೂ ಒಂದಿಷ್ಟು ಎಳೆದುಕೊಳ್ಳುತ್ತದೆ. ಆದರೆ ಆ ಎಳೆಯುವುದಕ್ಕೂ ಹೊತ್ತು ಬೇಕು. ಲೈಟು ಉರಿಯುವುದು ಆ ಹೊತ್ತಿನಲ್ಲಿ.

ಆದ್ದರಿಂದ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ವಾರ ಗಡಿಯಾರ ನೋಡಿ. ಖರ್ಚಿಲ್ಲದ ಪರೀಕ್ಷೆ ಇದು.

ಮೊದಲ ವಾರ: ಬರೀ ಲೆಕ್ಕ

ಫೋನನ್ನು ಡ್ಯಾಶ್‌ಬೋರ್ಡಿನ ಮುಂದೆ ನಿಲ್ಲಿಸಿ ವಿಡಿಯೊ ಹಾಕಿಕೊಳ್ಳಿ. ಸದ್ದು, ಲೈಟು ಎರಡೂ ದಾಖಲಾಗುತ್ತವೆ, ಆಮೇಲೆ ನಿಧಾನವಾಗಿ ಎಣಿಸಬಹುದು. ಬಾಯಲ್ಲಿ ಎಣಿಸಿದರೆ ಗಾಬರಿಯಲ್ಲಿ ಮೂರು ಸೆಕೆಂಡು ಐದಾಗುತ್ತದೆ, ನನಗೂ ಆಗಿದೆ. ಎರಡು ಹೊತ್ತುಗಳನ್ನು ಬೇರೆ ಬೇರೆ ಬರೆಯಿರಿ: ಸೆಲ್ಫ್ ತಿರುಗಲು ಶುರುವಾದಾಗಿನಿಂದ ಲೈಟು ಆರುವವರೆಗೆ, ಮತ್ತು ಇಂಜಿನ್ ಹಿಡಿದ ಕ್ಷಣದಿಂದ ಲೈಟು ಆರುವವರೆಗೆ.

ಯಾಕೆ ಎರಡು ಅಂದರೆ, ನಾನು ಇಲ್ಲಿ ಒಮ್ಮೆ ಎಡವಿದ್ದೇನೆ. ಹಿಂದಿನ ತಿಂಗಳು ತಣ್ಣಗಿನ ಇಂಜಿನ್ ಹಿಡಿಯಲು ಸಿಲಿಂಡರ್ ಕಾಯಿಸುವ ನಾಲ್ಕೂ ಹೀಟರ್ ಪ್ಲಗ್ ಬದಲಿಸಿದ್ದೆ. ಅದಕ್ಕೂ ಮೊದಲು ಬೆಳಿಗ್ಗೆ ಐದಾರು ಸೆಕೆಂಡು ಸೆಲ್ಫ್ ಹೊಡೆದರೆ ಮಾತ್ರ ಇಂಜಿನ್ ಹಿಡಿಯುತ್ತಿತ್ತು. ಅಷ್ಟರಲ್ಲಿ ಪಂಪು ಆಯಿಲನ್ನು ಮೇಲೆ ತಂದಿರುತ್ತಿತ್ತು, ಲೈಟು ಬೇಗ ಆರಿದ ಹಾಗೆ ಕಾಣುತ್ತಿತ್ತು. ಹೊಸ ಪ್ಲಗ್ ಬಂದ ಮೇಲೆ ಇಂಜಿನ್ ಒಂದೇ ಸುತ್ತಿಗೆ ಹಿಡಿಯಿತು, ಹಳೆಯ ಕಾಯಿಲೆ ಬಯಲಿಗೆ ಬಂತು. "ಪ್ಲಗ್ ಹಾಕಿದ ಮೇಲೆ ಆಯಿಲ್ ತೊಂದರೆ ಶುರುವಾಯಿತು" ಅಂತ ಮೂರು ದಿನ ತಪ್ಪು ದಾರಿಯಲ್ಲಿ ಹುಡುಕಿದೆ.

ನನ್ನ ಪುಸ್ತಕದಲ್ಲಿ ಬಂದ ಲೆಕ್ಕ ಹೀಗಿತ್ತು. ಹತ್ತು ನಿಮಿಷ ನಿಂತು ಸ್ಟಾರ್ಟ್ ಮಾಡಿದರೆ ಲೈಟು ತಕ್ಷಣ ಆರುತ್ತಿತ್ತು. ಎರಡು ಗಂಟೆ ನಿಂತರೆ 2 ಸೆಕೆಂಡು. ಐದು ಗಂಟೆಗೆ 4. ಒಂಬತ್ತು ಗಂಟೆಗೆ 7. ಎರಡು ದಿನ ನಿಲ್ಲಿಸಿ ನೋಡಿದೆ, ಆಗಲೂ 7. ಕೊನೆಯದು ಗಮನಿಸಬೇಕಾದ್ದು: ಒಂದು ಮಟ್ಟದ ನಂತರ ತಡ ಬೆಳೆಯಲಿಲ್ಲ. ಖಾಲಿಯಾಗಬೇಕಾದದ್ದು ಖಾಲಿಯಾದ ಮೇಲೆ ಇನ್ನೇನು ಇಳಿಯಲಿಕ್ಕಿದೆ?

ನಿಂತಷ್ಟೂ ತಡ ಹೆಚ್ಚುತ್ತಿದ್ದರೆ ಆಯಿಲ್ ಮೇಲಿನಿಂದ ಹಿಂದಕ್ಕೆ, ಇಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಚೇಂಬರಿಗೆ ಇಳಿಯುತ್ತಿದೆ. ಫಿಲ್ಟರ್, ಪಂಪು, ಪಂಪಿಗೆ ಆಯಿಲ್ ಎಳೆಯುವ ಪೈಪು, ಈ ಮೂರರಲ್ಲಿ ಹುಡುಕಿ. ಹತ್ತು ನಿಮಿಷ ನಿಂತರೂ ಹತ್ತು ಗಂಟೆ ನಿಂತರೂ ಒಂದೇ ತಡವಾದರೆ ಲೈಟಿನ ಸ್ವಿಚ್, ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ಆಯಿಲ್ ವಾಪಸ್ ಬಿಡುವುದು), ಸ್ಟ್ರೈನರ್ (ಎಳೆಯುವ ಪೈಪಿನ ತುದಿಯ ಜಾಲರಿ) ಕಡೆ ನೋಡಿ. ಚಳಿಯ ಬೆಳಗಿನಲ್ಲಿ ಮಾತ್ರ ತಡ, ಸೆಖೆಯಲ್ಲಿ ಇಲ್ಲ ಅಂದರೆ ಆಯಿಲ್ ದಪ್ಪವಾಯಿತು, ಇಲ್ಲವೇ ಸ್ಟ್ರೈನರ್ ಅರ್ಧ ಮುಚ್ಚಿದೆ. ಬೆಳಿಗ್ಗೆ ಬೇಗ ಆರುವ ಲೈಟು ಇಂಜಿನ್ ಕಾದ ಮೇಲೆ ಐಡ್ಲಿಂಗ್‌ನಲ್ಲಿ ಮಿಣುಕುತ್ತಿದ್ದರೆ ಅದು ಒತ್ತಡ ಕಡಿಮೆಯಾಗಿರುವ ಕಾಯಿಲೆ. ಬೇರಿಂಗ್ ಮಾತು ಬರಬೇಕಾದದ್ದು ಅಲ್ಲಿ. ತಡ ಬೇರೆ, ಕಡಿಮೆ ಬೇರೆ. ನನಗೆ ತೀರ್ಪು ಕೊಟ್ಟ ಮೂವರೂ ಇವೆರಡನ್ನು ಒಂದೇ ಮಾಡಿದ್ದರು.

ಪರೀಕ್ಷೆಯ ಹೊತ್ತಿನಲ್ಲಿ ಆಕ್ಸಿಲರೇಟರ್ ಮುಟ್ಟಬೇಡಿ. ಲೈಟು ಆರಲಿ ಅಂತ ರೇಸ್ ಕೊಡುವುದು ಬಹಳ ಜನರ ಅಭ್ಯಾಸ, ಒಣ ಬೇರಿಂಗನ್ನು ಉಜ್ಜುವುದೇ ಆಗ. ಟರ್ಬೊ ಇದ್ದರೆ ಅದರ ಬೇರಿಂಗ್ ಇನ್ನೂ ನಾಜೂಕು. ಹತ್ತು ಸೆಕೆಂಡಾದರೂ ಲೈಟು ಆರದಿದ್ದರೆ ಇಂಜಿನ್ ಆಫ್ ಮಾಡಿ. ಓಡುತ್ತಿರುವಾಗ ಹೊತ್ತಿಕೊಂಡರಂತೂ ಬದಿಗೆ ಹಾಕಿ ಅಲ್ಲೇ ನಿಲ್ಲಿಸಿ. ಮುಂದಿನ ತಿರುವಿನವರೆಗೆ ಅನ್ನುವ ಲೆಕ್ಕಾಚಾರ ಬೇಡ.

ಡಿಪ್‌ಸ್ಟಿಕ್ ಹೇಳುವುದು

ಸಮತಟ್ಟಾದ ಜಾಗದಲ್ಲಿ, ಇಂಜಿನ್ ನಿಂತು ಹತ್ತು ನಿಮಿಷವಾದ ಮೇಲೆ ಆಯಿಲ್ ಮಟ್ಟ ತೋರಿಸುವ ಈ ಕಡ್ಡಿಯನ್ನು ನೋಡಿ. ಮಟ್ಟ ಕಡಿಮೆಯಿದ್ದರೆ ಸರಿ ಮಾಡಿ ಮೊದಲಿನಿಂದ ಎಣಿಸಿ. ಮಟ್ಟ ಹೆಚ್ಚಿದ್ದರೂ ಒಳ್ಳೆಯದಲ್ಲ: ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಯಿಂದ ಒತ್ತಡ ನಿಲ್ಲುವುದಿಲ್ಲ. ಹಾಕದೆಯೇ ಮಟ್ಟ ಏರಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಇಂಜೆಕ್ಟರ್ ಸೋರಿಯೋ ಇಂಜೆಕ್ಷನ್ ಪಂಪಿನ ಸೀಲ್ ಹೋಗಿಯೋ ಡೀಸೆಲ್ ಬೆರೆಯುತ್ತಿದೆ. ಹಾಲು ಹಾಕಿದ ಬಣ್ಣ ಕಂಡರೆ ನೀರು. ಬರೀ ಕಪ್ಪು ಬಣ್ಣಕ್ಕೆ ಹೆದರಬೇಡಿ; ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಮಸಿಯಿಂದ ಬೇಗನೆ ಕಪ್ಪಾಗುತ್ತದೆ.

ಆಯಿಲ್‌ನ ಅಂಕೆಗಳ ವಿಷಯ ಒಂದು ಮಾತು, ಯಾಕೆಂದರೆ ಮೂರನೆಯವರ ಸಲಹೆ ಇದೇ ಆಗಿತ್ತು. 15ಡಬ್ಲ್ಯೂ-40 ಅಂದಾಗ ಡಬ್ಲ್ಯೂ ಮುಂಚಿನ ಅಂಕೆ ಚಳಿಯಲ್ಲಿ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದಕ್ಕೆ, ಚಿಕ್ಕದಾದಷ್ಟೂ ಒಳ್ಳೆಯದು. ಕೊನೆಯ ಅಂಕೆ 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಎಷ್ಟು ದಪ್ಪ ಅನ್ನುವುದಕ್ಕೆ: 40 ಅಂದರೆ 12.5ರಿಂದ 16.3 ಸೆಂಟಿಸ್ಟೋಕ್, 50 ಅಂದರೆ 16.3ರಿಂದ 21.9. 20ಡಬ್ಲ್ಯೂ-50 ಹಾಕಿದರೆ ಕಾದ ಇಂಜಿನ್ನಿನ ಒತ್ತಡ ಸ್ವಲ್ಪ ಏರುತ್ತದೆ ನಿಜ. ನನ್ನ ತೊಂದರೆ ಇದ್ದದ್ದು ತಣ್ಣಗಿನ ಬೆಳಗಿನಲ್ಲಿ. ಅಲ್ಲಿ ದಪ್ಪ ಆಯಿಲ್ ಸ್ಟ್ರೈನರ್ ದಾಟಿ ಏರಲು ಇನ್ನೂ ತಡ ಮಾಡುತ್ತದೆ. ಕಾಯಿಲೆಗೆ ವಿರುದ್ಧದ ಔಷಧ.

ಲೈಟು ಸುಳ್ಳು ಹೇಳುತ್ತಿದೆಯೇ?

ಸಾಮಾನ್ಯ ಕೆಂಪು ಲೈಟಿನ ಸ್ವಿಚ್ ಸರಳ: ಒತ್ತಡವಿಲ್ಲದಾಗ ಒಳಗಿನ ಸಂಪರ್ಕ ಕೂಡಿರುತ್ತದೆ, ವೈರು ಇಂಜಿನ್ ಬಾಡಿಗೆ ಅರ್ತ್ ಆಗಿ ಲೈಟು ಉರಿಯುತ್ತದೆ. ಒತ್ತಡ ಸುಮಾರು 0.3 ಬಾರ್ ದಾಟಿದರೆ ಸಂಪರ್ಕ ಬಿಡುತ್ತದೆ. ಕೀ ಆನ್ ಮಾಡಿ ವೈರನ್ನು ಕಿತ್ತರೆ ಲೈಟು ಆರಬೇಕು, ಬಾಡಿಗೆ ತಾಗಿಸಿದರೆ ಹೊತ್ತಬೇಕು. ಕಿತ್ತರೂ ಉರಿಯುತ್ತಿದ್ದರೆ ವೈರು ಎಲ್ಲೋ ಉಜ್ಜಿ ಅರ್ತ್ ಆಗಿದೆ. ಕೆಲವು ಹಳೆಯ ಫೋಕ್ಸ್‌ವ್ಯಾಗನ್ ಡೀಸೆಲ್‌ಗಳಂತೆ ಎರಡು ಸ್ವಿಚ್ ಇರುವ ಇಂಜಿನ್‌ಗಳಿವೆ. ಒಂದು ಕಡಿಮೆ ಒತ್ತಡದ್ದು, ಇನ್ನೊಂದು ವೇಗ ಏರಿದಾಗಿನ ಹೆಚ್ಚಿನ ಒತ್ತಡದ್ದು, ಅದು ಉಲ್ಟಾ ಕೆಲಸ ಮಾಡುತ್ತದೆ. ಅಂಥದರಲ್ಲಿ ಯಾವ ವೈರು ಯಾವುದು ಅಂತ ಗುರುತು ಹಾಕಿಕೊಳ್ಳದೆ ಕೀಳಬೇಡಿ.

ಸ್ವಿಚ್ಚಿನ ಸಣ್ಣ ತೂತಿನಲ್ಲಿ ಮಡ್ಡಿ ಕಟ್ಟಿದರೆ ಒತ್ತಡ ಬಂದಿದ್ದರೂ ಲೈಟು ಸಾವಕಾಶವಾಗಿ ಆರುತ್ತದೆ. ನಾನು ಮೊದಲು ಬದಲಿಸಿದ್ದು ಅದನ್ನೇ, ಏಕೆಂದರೆ ಕೈಗೆ ಸಿಗುವುದು ಅದು. ಹೊಸದಕ್ಕೆ ನಲ್ಲಿಗೆ ಸುತ್ತುವ ಹಾಗೆ ನಾಲ್ಕು ಸುತ್ತು ಟೆಫ್ಲಾನ್ ಟೇಪ್ ಸುತ್ತಿ ಬಿಗಿದೆ. ಪಂಪಿನವನ ಕೈ ತಾನಾಗಿ ಹಾಗೆ ಹೋಗುತ್ತದೆ. ಕೀ ಆನ್ ಮಾಡಿದರೆ ಲೈಟೇ ಹೊತ್ತಲಿಲ್ಲ! ಟೇಪು ಅರ್ತ್ ತಪ್ಪಿಸಿತ್ತು. ಟೇಪ್ ಕಿತ್ತು, ತಾಮ್ರದ ವಾಷರ್ ಹಾಕಿ ಬಿಗಿದ ಮೇಲೆ ಸರಿಹೋಯಿತು, ಬೆಳಗಿನ ಏಳು ಸೆಕೆಂಡು ಮಾತ್ರ ಹಾಗೇ ಉಳಿಯಿತು. ಲೈಟಿನ ಜೊತೆಗೆ ಟ್ಯಾಪೆಟ್ ಸದ್ದೂ ಇದ್ದರೆ ಲೈಟು ನಿಜವನ್ನೇ ಹೇಳುತ್ತಿದೆ ಅಂತ ಅರ್ಥ. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಗೇಜ್ ಕಟ್ಟುವುದು

ಸ್ವಿಚ್ ಬಿಚ್ಚಿ ಆ ಜಾಗಕ್ಕೆ 0ರಿಂದ 10 ಬಾರ್‌ವರೆಗಿನ ಮೆಕ್ಯಾನಿಕಲ್ ಗೇಜನ್ನು ಹೋಸಿನ ಸಮೇತ ಹಾಕಿ. ಥ್ರೆಡ್ಡಿನಲ್ಲಿ ಮೋಸ ಹೋಗಬೇಡಿ. ಎಂ10, 1 ಮಿ.ಮೀ. ಪಿಚ್ಚಿನದೂ 1/8 ಇಂಚಿನ ಪೈಪ್ ಥ್ರೆಡ್ಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಎರಡು ಸುತ್ತು ಕೂತೂ ಬಿಡುತ್ತವೆ. ಆ 1/8 ಇಂಚಿನಲ್ಲೇ ಮತ್ತೆ ಎರಡು ಜಾತಿ: ಒಂದರಲ್ಲಿ ಇಂಚಿಗೆ 27 ಹಲ್ಲು, ಇನ್ನೊಂದರಲ್ಲಿ 28. ಕೈಯಲ್ಲಿ ಸರಾಗವಾಗಿ ನಾಲ್ಕೈದು ಸುತ್ತು ಹೋಗದಿದ್ದರೆ ಸ್ಪ್ಯಾನರ್ ಹಾಕಬೇಡಿ. ಬ್ಲಾಕಿನ ಥ್ರೆಡ್ ಕಿತ್ತರೆ ಮೂಲ ಕಾಯಿಲೆಗಿಂತ ದೊಡ್ಡ ತಲೆನೋವು. ಹೋಸು ಫ್ಯಾನು, ಬೆಲ್ಟು, ಸೈಲೆನ್ಸರ್ ಪೈಪಿಗೆ ತಾಗದ ಹಾಗೆ ಕಟ್ಟಿ. ಬಿಸಿ ಆಯಿಲ್ ಎಕ್ಸಾಸ್ಟ್ ಮೇಲೆ ಚಿಮ್ಮಿದರೆ ಬೆಂಕಿ ಹತ್ತೀತು.

ರಾತ್ರಿ ನಿಂತ ಗಾಡಿಯಲ್ಲಿ ಮೊದಲ ಪರೀಕ್ಷೆ ಇಂಜಿನ್ ಹಿಡಿಯದ ಹಾಗೆ ಮಾಡಿ. ಇಂಜೆಕ್ಷನ್ ಪಂಪಿನ ಮೇಲಿರುವ, ಕರೆಂಟ್ ತಪ್ಪಿದರೆ ಡೀಸೆಲ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡಿನ ವೈರು ಕಿತ್ತು, ತುದಿ ಎಲ್ಲೂ ತಾಗದಂತೆ ಮುಚ್ಚಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ ಸೆಲ್ಫ್ ಹೊಡೆಯಿರಿ. ಸೊಲೆನಾಯ್ಡ್ ಇಲ್ಲದೆ ವ್ಯಾಕ್ಯೂಮಿನಿಂದಲೋ ಕೇಬಲ್ಲಿನಿಂದಲೋ ನಿಲ್ಲುವ ಇಂಜಿನ್ ಆದರೆ ಸ್ಟಾಪ್ ಲಿವರನ್ನು ಒಬ್ಬರು ಕೈಯಲ್ಲಿ ಹಿಡಿದಿರಬೇಕು. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಸೆಲ್ಫ್ ಮೋಟರಿಗೆ ಒಂದೆರಡು ನಿಮಿಷ ಬಿಡುವು ಕೊಡಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಇಲ್ಲದಿದ್ದರೆ ನಿಧಾನ ತಿರುಗುವುದರಿಂದಲೇ ತಡವಾಗುತ್ತದೆ, ನೀವು ಅಳೆಯುವುದು ಬ್ಯಾಟರಿಯನ್ನು.

ಮುಳ್ಳು ಏರುವ ರೀತಿ ನೋಡಿ. ನನ್ನದರಲ್ಲಿ ಎಂಟು ಸೆಕೆಂಡು ಸೊನ್ನೆಯಲ್ಲೇ ಕೂತಿತ್ತು, ಆಮೇಲೆ ಒಂದೇ ಜಿಗಿತಕ್ಕೆ ಒಂದು ಬಾರ್ ಮುಟ್ಟಿತು. ಖಾಲಿ ಪೈಪು ತುಂಬಿದ ಮೇಲೆ ಒತ್ತಡ ಬರುವ ರೀತಿ ಅದು. ಅದರ ಬದಲು ಮುಳ್ಳು ಆಗಲೇ ಅಲುಗಿ ತೆವಳುತ್ತಾ ಏರಿದರೆ ಆಯಿಲ್ ಬರುತ್ತಿದೆ, ಬಂದದ್ದು ಎಲ್ಲೋ ಸುಲಭವಾಗಿ ಹರಿದು ಹೋಗುತ್ತಿದೆ: ಸಡಿಲ ಬೇರಿಂಗ್, ತೆರೆದೇ ಉಳಿದ ರಿಲೀಫ್ ವಾಲ್ವ್, ಗ್ಯಾಲರಿಯ (ಬ್ಲಾಕಿನೊಳಗಿನ ಆಯಿಲ್ ದಾರಿಯ) ಬಿಚ್ಚಿಕೊಂಡ ಪ್ಲಗ್. ಮುಳ್ಳು ನಡುಗುತ್ತಾ ಏರಿದರೆ ಗಾಳಿ ಬೆರೆತಿದೆ.

ನಂತರ ವೈರು ಸಿಕ್ಕಿಸಿ ಇಂಜಿನ್ ಓಡಿಸಿ, ಅರ್ಧ ಗಂಟೆ ಗಾಡಿ ತಿರುಗಿಸಿ ಬಂದು ಬಿಸಿ ಒತ್ತಡ ನೋಡಿ. ನೀರಿನ ಮುಳ್ಳು ಮಧ್ಯಕ್ಕೆ ಬಂದ ಮಾತ್ರಕ್ಕೆ ಆಯಿಲ್ ಕಾದಿದೆ ಅಂತಲ್ಲ, ಅದು ಕಾಯುವುದು ತಡ. ನಿಮ್ಮ ಇಂಜಿನ್ನಿನ ವರ್ಕ್‌ಶಾಪ್ ಪುಸ್ತಕದ ಅಂಕೆಯೇ ಅಂತಿಮ. ಅಂದಾಜಿಗೆ ಬೇಕಾದರೆ: ಫೋಕ್ಸ್‌ವ್ಯಾಗನ್ನಿನ ಹಳೆಯ ನಾಲ್ಕು ಸಿಲಿಂಡರ್ ಡೀಸೆಲ್‌ಗಳಿಗೆ 80 ಡಿಗ್ರಿಯಲ್ಲಿ, 2000 ಆರ್‌ಪಿಎಂಗೆ ಕನಿಷ್ಠ 2 ಬಾರ್ ಬೇಕು. ಮರ್ಸಿಡಿಸ್‌ನ ಓಎಂ617 ಥರದ ಐದು ಸಿಲಿಂಡರ್ ಡೀಸೆಲ್ಲಿನಲ್ಲಿ ಕಾದ ಮೇಲೆ ಐಡ್ಲಿಂಗ್ ಒತ್ತಡ 0.3 ಬಾರ್‌ಗೆ ಇಳಿದರೂ ನಡೆಯುತ್ತದೆ, ರೇಸ್ ಕೊಟ್ಟಾಗ ಡ್ಯಾಶ್‌ಬೋರ್ಡಿನ ಮುಳ್ಳು 3ಕ್ಕೆ ಹೋಗಿ ನಿಲ್ಲಬೇಕು. ನನ್ನ ಕಾರಿನಲ್ಲಿ ಬಿಸಿಯಲ್ಲಿ ಐಡ್ಲಿಂಗ್ 1.3 ಬಾರ್, 2000 ಆರ್‌ಪಿಎಂಗೆ 3.4. ಬೇರಿಂಗ್ ಹೋದ ಇಂಜಿನ್ ಇಂಥ ಅಂಕೆ ಕೊಡುವುದಿಲ್ಲ. ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಫಿಲ್ಟರ್: ಬಹುಪಾಲು ಉತ್ತರ ಇಲ್ಲೇ

ಡಬ್ಬಿಯ ಥರದ ಫಿಲ್ಟರ್ ಬಿಚ್ಚಿ ಬಾಯಿ ನೋಡಿ. ಸುತ್ತಲಿನ ಸಣ್ಣ ತೂತುಗಳಿಂದ ಆಯಿಲ್ ಒಳಗೆ ಹೋಗುತ್ತದೆ, ನಡುವಿನ ದೊಡ್ಡ ತೂತಿನಿಂದ ಶುದ್ಧವಾಗಿ ಹೊರಗೆ ಬರುತ್ತದೆ. ಸಣ್ಣ ತೂತುಗಳ ಹಿಂದೆ ರಬ್ಬರಿನ ಒಂದು ಬಿಲ್ಲೆ ಇರಬೇಕು. ಇದೇ ನಮ್ಮ ಫುಟ್ ವಾಲ್ವ್: ಒಳಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಮೊಂಡು ಕಡ್ಡಿಯಿಂದ ಒತ್ತಿದರೆ ಮೆತ್ತಗೆ ತಗ್ಗಿ ಮತ್ತೆ ಬಂದು ಕೂರಬೇಕು. ನೈಟ್ರೈಲ್ ರಬ್ಬರು ಬಿಸಿಗೆ ಕಾಲಕ್ರಮೇಣ ಗಟ್ಟಿಯಾಗುತ್ತದೆ. ಸಿಲಿಕೋನ್ ಹೆಚ್ಚು ದಿನ ಮೆತ್ತಗಿರುತ್ತದೆ.

ಬಾಯಿ ಮೇಲಾಗಿ ನೇತಾಡುವ ಫಿಲ್ಟರಿನಿಂದ ಆಯಿಲ್ ತಾನಾಗಿ ಚೆಲ್ಲುವುದಿಲ್ಲ. ಹಾಗಾಗಿ ಅಂಥ ಇಂಜಿನ್‌ಗೆಂದು ಮಾಡಿದ ಕೆಲವು ಫಿಲ್ಟರ್‌ಗಳಲ್ಲಿ ಈ ಬಿಲ್ಲೆ ಇರುವುದೇ ಇಲ್ಲ. ಅದನ್ನೇ ಫಿಲ್ಟರ್ ಅಡ್ಡ ಕೂರುವ ಇಲ್ಲವೇ ಬಾಯಿ ಕೆಳಗಾಗುವ ಇಂಜಿನ್ನಿಗೆ ಹಾಕಿದರೆ? ಥ್ರೆಡ್ ಕೂಡುತ್ತದೆ, ಪ್ಯಾಕಿಂಗ್ ಕೂಡುತ್ತದೆ, ಒಂದು ಹನಿ ಹೊರಗೆ ಸೋರುವುದಿಲ್ಲ, ರಾತ್ರಿಯಿಡೀ ಒಳಗೇ ಇಳಿಯುತ್ತದೆ. ನನ್ನ ಕಾರಿನ ಫಿಲ್ಟರ್ ಅಡ್ಡ ಮಲಗಿದ ಹಾಗೆ ಕೂರುತ್ತದೆ. ಅದರಲ್ಲಿದ್ದದ್ದು ಬಿಲ್ಲೆಯಿಲ್ಲದ ಫಿಲ್ಟರ್.

ಬಿಲ್ಲೆ ಇದ್ದೂ ಸೋರುತ್ತಿದೆಯೋ ಅಂತ ತಿಳಿಯಲು ತಕ್ಕಡಿ ಸಾಕು. ಇಂಜಿನ್ ನಿಂತು ಹತ್ತು ನಿಮಿಷಕ್ಕೆ ಫಿಲ್ಟರ್ ಬಿಚ್ಚಿ ತೂಗಿ. ಗ್ಲೌಸ್ ಹಾಕಿಕೊಳ್ಳಿ, ಚರ್ಮ ಸುಡುವಷ್ಟು ಬಿಸಿಯಿರುತ್ತದೆ. ಬಿಚ್ಚುವಾಗ ಚೆಲ್ಲುವುದನ್ನು ಚೀಲದಲ್ಲಿ ಹಿಡಿದು ಅದನ್ನೂ ಸೇರಿಸಿ. ಅದೇ ಫಿಲ್ಟರನ್ನು ವಾಪಸ್ ಹಾಕಿ, ಓಡಿಸಿ, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಮತ್ತೆ ತೂಗಿ. ನನ್ನದು ಹತ್ತು ನಿಮಿಷಕ್ಕೆ 770 ಗ್ರಾಂ, ಬೆಳಿಗ್ಗೆ 520. ಕಾಲು ಕಿಲೋ ಆಯಿಲ್ ರಾತ್ರಿ ಚೇಂಬರಿಗೆ ಇಳಿದಿತ್ತು. ಒಳಗಿನ ಕಾಗದ ನೆನೆದಿರುವುದರಿಂದ ಪೂರ್ತಿ ಒಣ ತೂಕಕ್ಕೆ ಎಂದೂ ಬರುವುದಿಲ್ಲ.

ಕಾರ್ಟ್ರಿಡ್ಜ್ ಫಿಲ್ಟರ್ (ಒಳಗಿನ ಕಾಗದದ ಭಾಗ ಮಾತ್ರ ಬದಲಿಸುವಂಥದ್ದು) ಇರುವ ಇಂಜಿನ್ನಿನಲ್ಲಿ ಹೌಸಿಂಗನ್ನೇ ಪರೀಕ್ಷಿಸಬೇಕು. ಮುಚ್ಚಳ ಎತ್ತಿದಾಗ ಆಯಿಲ್ ಕೆಳಗಿಳಿಯಲಿ ಅಂತ ಕೆಲವದರಲ್ಲಿ ತಳದಲ್ಲಿ ದಾರಿ ಬಿಟ್ಟಿರುತ್ತಾರೆ, ನಡುವಿನ ಕೊಳವೆಯ ತುದಿಯ ಸಣ್ಣ ಓ-ರಿಂಗ್ (ರಬ್ಬರಿನ ಬಳೆ) ಅದನ್ನು ಮುಚ್ಚಿರುತ್ತದೆ. ಫಿಲ್ಟರ್ ಜೊತೆ ಬಂದ ಆ ಓ-ರಿಂಗನ್ನು "ಇದೆಲ್ಲಿಗೋ" ಅಂತ ಪೊಟ್ಟಣದಲ್ಲೇ ಬಿಟ್ಟು ಎಸೆಯುವವರಿದ್ದಾರೆ.

ಹೊಸ ಫಿಲ್ಟರ್ ಹಾಕುವಾಗ ಮೊದಲೇ ಆಯಿಲ್ ತುಂಬುವುದಾದರೆ ಸುತ್ತಲಿನ ಸಣ್ಣ ತೂತುಗಳಿಂದ ತುಂಬಿ, ನಡುವಿನದರಿಂದ ಬೇಡ. ನಡುವಿನದು ಶೋಧಿಸಿದ ಮೇಲಿನ ದಾರಿ. ಡಬ್ಬದ ಬಾಯಿಯ ಧೂಳು ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಪ್ಯಾಕಿಂಗ್ ತಾಗಿದ ಮೇಲೆ ಕೈಯಲ್ಲಿ ಮುಕ್ಕಾಲು ಸುತ್ತು ಸಾಕು.

ಸರಿಯಾದ ಫಿಲ್ಟರ್ ಹಾಕಿದ ಮರುದಿನ ಬೆಳಿಗ್ಗೆ: 3 ಸೆಕೆಂಡು. ಏಳಕ್ಕಿಂತ ವಾಸಿ. ಆದರೆ ಸರಿಯಿರುವ ಇಂಜಿನ್ನಿನಲ್ಲಿ ಒಂದೆರಡು ಸೆಕೆಂಡಿಗೆ ಲೈಟು ಆರಬೇಕು. ಹೆಂಡತಿ "ಇನ್ನು ಬಿಡಿ, ಆಯ್ತಲ್ಲ" ಅಂದಳು. ನನಗೆ ಬಿಡಲಾಗಲಿಲ್ಲ.

ಚೇಂಬರ್ ಇಳಿಸುವ ಮೊದಲು

ಇನ್ನೊಂದು ಸಣ್ಣ ಪರೀಕ್ಷೆಯಿದೆ. ನನ್ನ ಇಂಜಿನ್ನಿನಲ್ಲಿ ಪಂಪು ಕ್ರ್ಯಾಂಕಿನ ಮೂತಿಯಲ್ಲಿ, ಆಯಿಲ್ ಮಟ್ಟಕ್ಕಿಂತ ಮೇಲೆ ಕೂತಿದೆ. ಅಲ್ಲಿಂದ ಒಂದು ಪೈಪು ಕೆಳಗಿನ ಸ್ಟ್ರೈನರ್‌ವರೆಗೆ ಹೋಗುತ್ತದೆ, ಜೋಡಣೆಯಲ್ಲಿ ಒಂದು ಓ-ರಿಂಗ್. ಸ್ಟ್ರಾದಲ್ಲಿ ಎಳನೀರು ಎಳೆದು ಮೇಲಿನ ತುದಿಯನ್ನು ಬೆರಳಿಂದ ಮುಚ್ಚಿದರೆ ನೀರು ಇಳಿಯುವುದಿಲ್ಲ, ಬೆರಳು ಸ್ವಲ್ಪ ಸರಿಸಿದರೆ ಸುರಿದುಹೋಗುತ್ತದೆ. ಓ-ರಿಂಗ್ ಗಟ್ಟಿಯಾದರೆ ಬೆರಳು ಸರಿಸಿದ ಹಾಗೆ. ಪಂಪು ಚೇಂಬರಿನ ಆಯಿಲ್‌ನಲ್ಲೇ ಮುಳುಗಿರುವ ಇಂಜಿನ್‌ಗಳಲ್ಲಿ ಈ ಕಾಟವಿಲ್ಲ.

ಅರ್ಧ ಲೀಟರ್ ಆಯಿಲ್ ಹೆಚ್ಚಿಗೆ ಹಾಕಿ, ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಎಣಿಸಿ. ಜೋಡಣೆ ಆಯಿಲ್ ಮಟ್ಟದ ಸಮೀಪವಿದ್ದರೆ ಅದು ಮುಳುಗಿ ಗಾಳಿ ನುಗ್ಗುವುದು ನಿಲ್ಲುತ್ತದೆ, ತಡ ಕಡಿಮೆಯಾಗುತ್ತದೆ. ನನ್ನದು 3ರಿಂದ ಒಂದೂವರೆಗೆ ಇಳಿಯಿತು. ಐಡ್ಲಿಂಗ್‌ನಲ್ಲಿ ಅರ್ಧ ನಿಮಿಷ ನೋಡಿ ಆಫ್ ಮಾಡಿ, ಹೆಚ್ಚಿನದನ್ನು ತಕ್ಷಣ ಇಳಿಸಿಬಿಡಿ. ಆ ಮಟ್ಟದಲ್ಲಿ ಓಡಿಸಬೇಡಿ: ಡೀಸೆಲ್ ಇಂಜಿನ್ ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ಕೊಳವೆ) ಮೂಲಕ ಆಯಿಲ್ ನುಂಗಿದರೆ ಅದನ್ನೇ ಇಂಧನ ಮಾಡಿಕೊಂಡು ಓಡುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ.

ಕೆಲವು ಇಂಜಿನ್ನುಗಳಲ್ಲಿ ರಿಲೀಫ್ ವಾಲ್ವ್ ಹೊರಗಿನಿಂದಲೇ, ಬ್ಲಾಕಿನ ಪಕ್ಕದ ದೊಡ್ಡ ಪ್ಲಗ್ ಬಿಚ್ಚಿದರೆ ಸಿಗುತ್ತದೆ. ಹಾಗಿದ್ದರೆ ಚೇಂಬರಿಗೆ ಕೈ ಹಾಕುವ ಮೊದಲು ನೋಡಿಬಿಡಿ. ಒಳಗಿನ ಸರಿದಾಡುವ ತುಂಡು, ಅಂದರೆ ಪ್ಲಂಜರ್, ತನ್ನ ತೂಕಕ್ಕೇ ಜಾರಬೇಕು. ಗೀರು ಬಿದ್ದು ಅರ್ಧದಲ್ಲಿ ಸಿಕ್ಕಿಕೊಂಡರೆ ಆಯಿಲ್ ಬೇರಿಂಗಿಗೆ ಹೋಗದೆ ವಾಪಸ್ ಹೋಗುತ್ತಿರುತ್ತದೆ. ಸ್ಪ್ರಿಂಗಿನ ಕೆಳಗೆ ವಾಷರ್ ಇಟ್ಟು ಒತ್ತಡ ಏರಿಸುವ ಕೈಚಳಕ ತಡಕ್ಕೆ ಏನೂ ಮಾಡುವುದಿಲ್ಲ. ಆ ವಾಲ್ವ್ ಇರುವುದು ಮೇಲಿನ ಮಿತಿ ಕಾಯಲಿಕ್ಕೆ.

ಚೇಂಬರ್ ಇಳಿಸಿದ ಮೇಲೆ

ಜ್ಯಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಕಟ್ಟೆ ಕೊಡಿ. ಆಯಿಲ್ ಇಳಿಸುವಾಗ ಕೊನೆಯ ಅರ್ಧ ಲೀಟರನ್ನು ಬಿಳಿ ತಟ್ಟೆಯಲ್ಲಿ ಹಿಡಿಯಿರಿ. ಬಿಸಿಲಲ್ಲಿ ಮಿನುಗುವ ತಾಮ್ರದ ಬಣ್ಣದ ಪುಡಿ ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಬಂದಿದೆ, ಆಗ ಮೊದಲನೆಯವರ ತೀರ್ಪು ಸರಿ. ನನ್ನ ತಟ್ಟೆಯಲ್ಲಿ ಮಸಿ ಬಿಟ್ಟರೆ ಏನೂ ಇರಲಿಲ್ಲ.

ಸ್ಟ್ರೈನರಿನ ಜಾಲರಿಯಲ್ಲಿ ಹಳೆಯ ಗ್ಯಾಸ್ಕೆಟ್ ಗಮ್ಮಿನ ಎಳೆಗಳು ಸಿಕ್ಕಿಕೊಂಡಿದ್ದವು. ಯಾರೋ ಹಿಂದೆ ಚೇಂಬರಿಗೆ ಧಾರಾಳವಾಗಿ ಗಮ್ ಹಚ್ಚಿದ್ದರು, ಒಳಗೆ ಉಬ್ಬಿದ್ದು ಕಿತ್ತು ಬಂದು ಇಲ್ಲಿ ಕೂತಿತ್ತು. ಜಾಲರಿಯ ಕಾಲು ಭಾಗ ಮುಚ್ಚಿತ್ತು. ಪೂರ್ತಿ ಮುಚ್ಚುವ ಹಂತಕ್ಕೆ ಬಂದಿದ್ದರೆ ಲಕ್ಷಣ ಬೇರೆ ಇರುತ್ತಿತ್ತು: ಐಡ್ಲಿಂಗ್‌ನಲ್ಲಿ ಒತ್ತಡ ಸರಿ, ವೇಗ ಏರಿಸಿದಂತೆ ಇಳಿಯುವುದು. ಮಡ್ಡಿ ತುಂಬಿದ ಇಂಜಿನ್ನಿಗೆ ಫ್ಲಶಿಂಗ್ ದ್ರವ ಹಾಕಿ ಓಡಿಸುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಗೋಡೆಗೆ ಸುಮ್ಮನೆ ಅಂಟಿದ್ದ ಮಡ್ಡಿಯನ್ನು ಎಬ್ಬಿಸಿ ಈ ಜಾಲರಿಗೆ ತಂದು ಕೂರಿಸುತ್ತದೆ.

ಇನ್ನು ಆ ಓ-ರಿಂಗ್. ಪೈಪಿನ ಎರಡು ಬೋಲ್ಟು ಬಿಚ್ಚಿ ಎಳೆದರೆ ಅದು ಮೂರು ತುಂಡಾಗಿ ಕೈಗೆ ಬಂತು, ಉಗುರಿನಲ್ಲಿ ಒತ್ತಿದರೆ ಬಳೆ ಚೂರಿನ ಹಾಗೆ ಟಕ್ ಅಂತ ಮುರಿಯುತ್ತಿತ್ತು. ಹೊಸದನ್ನು ಆಯಿಲ್, ಬಿಸಿ ಎರಡನ್ನೂ ತಡೆಯುವ ವಿಟಾನ್ ರಬ್ಬರಿನದು ಹಾಕಿದೆ. ಅಳತೆ ಹಳೆಯ ತುಂಡಿನಿಂದ ತೆಗೆಯಬೇಡಿ, ಅದು ಕುಗ್ಗಿರುತ್ತದೆ. ಪಾರ್ಟ್ ನಂಬರ್ ಹೇಳಿ ತನ್ನಿ.

ಅಷ್ಟು ದೂರ ಹೋದ ಮೇಲೆ ಪಂಪಿನ ಮುಚ್ಚಳವನ್ನೂ ತೆಗೆದೆ. ಗೇರ್‌ಗಳ ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ದಪ್ಪ ಗೊತ್ತಿರುವ ತೆಳು ಪಟ್ಟಿ) ತೂರಿಸಿ ಸಂದು ಅಳೆಯಬೇಕು. ನನ್ನದು 0.08 ಮಿ.ಮೀ. ಇತ್ತು. ಇಂಥ ಪಂಪುಗಳಲ್ಲಿ 0.15 ದಾಟಿದರೆ ನಾನು ಬದಲಿಸುತ್ತೇನೆ, ನಿಮ್ಮ ಪುಸ್ತಕದ ಮಿತಿ ಬೇರೆ ಇದ್ದರೆ ಅದನ್ನು ನಂಬಿ. ಮುಚ್ಚಳದ ಒಳಮುಖದಲ್ಲಿ ಗೇರ್ ಕೊರೆದ ಗುಂಡಿ ಬೆರಳಿಗೆ ತಾಗಿದರೂ ಪಂಪು ಸವೆದಿದೆ ಅಂತಲೇ. ಮುಚ್ಚುವ ಮೊದಲು ಗೇರ್‌ಗಳ ಸಂದಿನಲ್ಲಿ ವ್ಯಾಸಲೀನ್ ತುಂಬಿದೆ. ಮೊದಲ ಸುತ್ತಿನಲ್ಲೇ ಪಂಪು ಎಳೆಯಲು ಅದು ಸಹಾಯ, ಆಮೇಲೆ ಆಯಿಲ್‌ನಲ್ಲಿ ಕರಗಿಹೋಗುತ್ತದೆ. ಗ್ರೀಸ್ ತುಂಬಬೇಡಿ, ಅದು ಕರಗದೆ ಸಣ್ಣ ದಾರಿಗಳನ್ನು ಕಟ್ಟಬಹುದು.

ಬೇರಿಂಗ್ ಬಗ್ಗೆ ಅನುಮಾನ ಉಳಿದಿದ್ದರೆ ಚೇಂಬರ್ ಇಳಿದಿರುವಾಗಲೇ ಒಂದು ಬಿಗ್ ಎಂಡ್ ಕ್ಯಾಪ್ (ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕಿಗೆ ಹಿಡಿಸುವ ಮುಚ್ಚಳ) ಬಿಚ್ಚಿ ಪ್ಲಾಸ್ಟಿಗೇಜ್ (ಒತ್ತಿದಾಗ ಅಗಲವಾಗಿ ಸಂದು ತೋರಿಸುವ ಪ್ಲಾಸ್ಟಿಕ್ ಎಳೆ) ಇಟ್ಟು ಅಳೆಯಿರಿ. ಬಹಳ ಇಂಜಿನ್‌ಗಳಲ್ಲಿ ಹೊಸದರ ಸಂದು 0.03ರಿಂದ 0.08 ಮಿ.ಮೀ. ಆಸುಪಾಸು. ಕೆಲವು ಇಂಜಿನ್ನುಗಳ ಕ್ಯಾಪ್ ಬೋಲ್ಟು ಒಂದೇ ಸಲ ಬಳಸುವಂಥದ್ದು, ಅದನ್ನು ಮೊದಲೇ ತಿಳಿದುಕೊಳ್ಳಿ. ಸದ್ದು ಇಂಜೆಕ್ಟರಿನದೋ ಬೇರಿಂಗಿನದೋ ಅಂತ ನೋಡಲು ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸುವ ಹಳೆಯ ಉಪಾಯ ಮೆಕ್ಯಾನಿಕಲ್ ಪಂಪಿನ ಇಂಜಿನ್‌ಗಳಿಗೆ ಮಾತ್ರ, ಅದೂ ಬಟ್ಟೆ ಸುತ್ತಿ, ಕೈ ದೂರವಿಟ್ಟು. ಕಾಮನ್ ರೇಲ್ ಇಂಜಿನ್ನಿನಲ್ಲಿ ಒಳಗಿನ ಒತ್ತಡ ಸಾವಿರ ಬಾರ್ ದಾಟಬಹುದು, ಆ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಅಲ್ಲಿ ಎಂದೂ ಬೇಡ.

ಎಲ್ಲ ಜೋಡಿಸಿ, ಗಮ್ಮನ್ನು ತೆಳ್ಳಗೆ ಒಂದು ದಾರದಷ್ಟು ಮಾತ್ರ ಹಚ್ಚಿ, ಒಣಗಲು ಒಂದು ರಾತ್ರಿ ಬಿಟ್ಟೆ. ಹೊಸ ಆಯಿಲ್, ಬಿಲ್ಲೆಯಿರುವ ಫಿಲ್ಟರ್. ಸ್ಟಾಪ್ ಸೊಲೆನಾಯ್ಡಿನ ವೈರು ಕಿತ್ತೇ ಇಟ್ಟು ಸೆಲ್ಫ್ ಹೊಡೆದೆ. ಗೇಜಿನ ಮುಳ್ಳು ಒಂದು ಬಾರ್ ಮುಟ್ಟಿದ ಮೇಲಷ್ಟೇ ವೈರು ಸಿಕ್ಕಿಸಿದ್ದು. ಐಡ್ಲಿಂಗ್‌ನಲ್ಲಿ ಹತ್ತು ನಿಮಿಷ ಬಿಟ್ಟು, ಕೆಳಗೆ ಟಾರ್ಚ್ ಹಾಕಿ ಸೋರುತ್ತಿಲ್ಲವೆಂದು ನೋಡಿ, ಆಫ್ ಮಾಡಿ ಮಟ್ಟ ಸರಿಮಾಡಿದೆ. ಮರುದಿನ ಬೆಳಿಗ್ಗೆ, ಹನ್ನೊಂದು ಗಂಟೆ ನಿಂತ ಮೇಲೆ, ವಿಡಿಯೊದಲ್ಲಿ ಎಣಿಸಿದರೆ ಸೆಲ್ಫ್ ತಿರುಗಿದ್ದರಿಂದ ಲೈಟು ಆರುವವರೆಗೆ ಒಂದೂ ಕಾಲು ಸೆಕೆಂಡು. ಟ್ಯಾಪೆಟ್ಟುಗಳು ಎರಡು ಸಲ ಟಕ್ ಅಂದು ಸುಮ್ಮನಾದವು. ಗೇಜನ್ನು ಇನ್ನೂ ಒಂದು ವಾರ ಬಿಚ್ಚಲಿಲ್ಲ.